ಘಟ್ಟದ ರಸ್ತೆಯಲ್ಲಿ ಸೈಕಲ್ಲಿಗೂ ಒಂದು ಮೊಳ ಜಾಗ

ಡಿಸೆಂಬರ್, ಜನವರಿಯ ರಜೆಯ ದಿನಗಳಲ್ಲಿ ಶಿರಸಿಯಿಂದ ಕುಮಟೆಗೆ ಇಳಿಯುವ ರಸ್ತೆಯಲ್ಲಿ ಒಂದು ನೋಟ ಈಗ ನಮಗೆಲ್ಲ ಪರಿಚಿತವಾಗಿದೆ. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ ಧರಿಸಿದ ಐದಾರು ಮಂದಿ ಪಟ್ಟಣಿಗರು ತೆಳುಗಾಲಿಯ ಸೈಕಲ್ಲುಗಳ ಮೇಲೆ ಬಾಗಿ ಕುಳಿತು ಸಾಲಾಗಿ ಸಾಗುತ್ತಾರೆ. ಚಹಾದಂಗಡಿಯ ಮುಂದೆ ನಿಂತರೆ ಜನ ಸುತ್ತುಗಟ್ಟುತ್ತಾರೆ, ಬೆಲೆ ಕೇಳುತ್ತಾರೆ, ಕೇಳಿ ಬೆಚ್ಚುತ್ತಾರೆ. “ಮಾಸ್ತರ್ರೇ, ಇಷ್ಟು ದುಡ್ಡಿಗೆ ಮೋಟಾರ್ ಸೈಕಲ್ಲೇ ಬರ್ತಿತ್ತಲ್ರೋ” ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದವರು ಒಬ್ಬಿಬ್ಬರಲ್ಲ.

ನಮ್ಮವರ ಈ ಬೆರಗಿನಲ್ಲಿ ಸ್ವಲ್ಪ ಪರಿಹಾಸ್ಯವೂ ಇದೆ. ನನಗೆ ಮಾತ್ರ ಆ ಸವಾರರನ್ನು ನೋಡಿ ನಗು ಬರುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರ ಕನ್ನಡದ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸಿದವನು ನಾನು. ಅದರಲ್ಲಿ ಮೊದಲ ಹದಿನೈದು ವರ್ಷ ಸೈಕಲ್ಲಿನ ಮೇಲೆಯೇ ಶಾಲೆಗೆ ಹೋದವನು. ಪರಸ್ಥಳದವರು ನಾಲ್ಕುನೂರು ಕಿಲೋಮೀಟರು ದೂರದಿಂದ ಹುಡುಕಿಕೊಂಡು ಬರುವಂಥ ಸೈಕಲ್ ದಾರಿಗಳು ನಮ್ಮ ಮನೆಯ ಮುಂದೆಯೇ ಇವೆ. ಅದೇ ದಾರಿಗಳಲ್ಲಿ ನಮ್ಮ ಮಕ್ಕಳು ಸೈಕಲ್ ಹತ್ತಲು ಹೆದರುವ ಪರಿಸ್ಥಿತಿಯನ್ನು ನಾವು ತಂದುಕೊಂಡಿದ್ದೇವೆ. ಇದು ನನ್ನನ್ನು ಕಾಡುತ್ತಿರುವ ವಿಷಯ. ರಸ್ತೆ ಅಗಲವಾಗಲಿ, ಆದರೆ ಅಗಲವಾದ ರಸ್ತೆಯಲ್ಲಿ ಸೈಕಲ್ಲಿಗೂ ಒಂದು ಮೊಳ ಜಾಗವಿರಲಿ ಎಂಬುದಷ್ಟೇ ಈ ಲೇಖನದ ವಾದ.

ಮೊದಲು ಈ ರಸ್ತೆಗಳ ಹುಟ್ಟಿನ ಬಗ್ಗೆ ಎರಡು ಮಾತು. ದೇವಿಮನೆ ಘಟ್ಟದ ರಸ್ತೆಯನ್ನು ಯಾರೂ ಕಾರಿಗಾಗಿ ಕಡಿದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲಿಂದ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ. ‘ಕುಮಟಾ ಹತ್ತಿ’ ಎಂಬ ಹೆಸರೇ ವ್ಯಾಪಾರದ ಲೋಕದಲ್ಲಿ ಚಾಲ್ತಿಯಲ್ಲಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯದು ಎಂದು ಬೇರೆ ಹೇಳಬೇಕಾಗಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದ ಕಾಲದಲ್ಲಿ, 1862ರಲ್ಲಿ, ಈ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1880ರ ದಶಕದ ಕೊನೆಗೆ ಮುರ್ಮಗೋವಾ ಬಂದರಿಗೆ ರೈಲು ಹರಿದ ಮೇಲೆ ಹತ್ತಿ ಆ ಕಡೆ ತಿರುಗಿತು, ಕುಮಟೆಯ ವೈಭವ ಇಳಿಯಿತು. ಉಳಿದದ್ದು ಎತ್ತಿನ ಗಾಡಿಯ ರಸ್ತೆ.

ಎತ್ತಿನ ಗಾಡಿಯ ರಸ್ತೆ ಎಂಬ ಮಾತನ್ನು ಓದುಗರು ಗಮನಿಸಬೇಕು. ಭಾರ ಹೇರಿದ ಗಾಡಿಯನ್ನು ಎತ್ತುಗಳು ಕಡಿದಾದ ಏರಿನಲ್ಲಿ ಎಳೆಯಲಾರವು, ಇಳಿಜಾರಿನಲ್ಲಿ ತಡೆಯಲಾರವು. ಆದ್ದರಿಂದ ಹಿಂದಿನವರು ಬೆಟ್ಟದ ಮೈಯನ್ನು ಬಳಸಿ ಬಳಸಿ, ದೂರ ಹೆಚ್ಚಾದರೂ ಚಿಂತೆಯಿಲ್ಲವೆಂದು, ಏರನ್ನು ಹದವಾಗಿ ಹರಡಿದರು. ಇಪ್ಪತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವುದು ಎಂಬುದು ಇಂಥ ರಸ್ತೆಗಳ ಸ್ಥೂಲ ಲೆಕ್ಕ. ಈ ಲೆಕ್ಕವೇ ಸೈಕಲ್ಲಿಗೂ ಹೊಂದುತ್ತದೆ. ನಾನು ಒಂಬತ್ತನೆಯ ತರಗತಿಯಲ್ಲಿ ಕೆಲಸ ಮತ್ತು ಸಾಮರ್ಥ್ಯದ ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಸವಾರ ಅರವತ್ತು ಕಿಲೋ, ಚೀಲ ಸಹಿತ ಸೈಕಲ್ ಇಪ್ಪತ್ತು ಕಿಲೋ, ಒಟ್ಟು ಎಂಬತ್ತು. ಇಪ್ಪತ್ತಕ್ಕೆ ಒಂದರ ಏರಿನಲ್ಲಿ ಗಂಟೆಗೆ ಎಂಟು ಕಿಲೋಮೀಟರಿನಂತೆ ಹತ್ತಲು ಭಾರವನ್ನು ಎತ್ತುವುದಕ್ಕೇ ಸುಮಾರು 87 ವ್ಯಾಟ್ ಬೇಕು. ಗಾಲಿಯ ಘರ್ಷಣೆಯನ್ನು ಸೇರಿಸಿದರೆ ನೂರರ ಹತ್ತಿರ. ಆರೋಗ್ಯವಂತ ಮನುಷ್ಯ ಒಂದು ತಾಸು ನಿಭಾಯಿಸಬಹುದಾದ ಶ್ರಮ ಇದು. ಏರು ಹತ್ತಕ್ಕೆ ಒಂದಾದರೆ ಶ್ರಮ ಇಮ್ಮಡಿಯಾಗುತ್ತದೆ, ಇಳಿದು ತಳ್ಳದೆ ಗತ್ಯಂತರವಿಲ್ಲ. ಹುಡುಗರು ಲೆಕ್ಕವನ್ನು ಮರೆತಿರಬಹುದು, ಆದರೆ ಮರುದಿನ ಶಾಲೆಗೆ ಬರುವಾಗ ಯಾವ ತಿರುವಿನಲ್ಲಿ ಇಳಿದು ತಳ್ಳಬೇಕಾಯಿತೆಂದು ಬಂದು ಹೇಳುತ್ತಿದ್ದರು.

ಸುಮಾರು ಅರವತ್ತು ಕಿಲೋಮೀಟರಿನ ಶಿರಸಿ–ಕುಮಟಾ ದಾರಿ ಹೀಗೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಆದರೆ ನನ್ನನ್ನು ಕೇಳಿದರೆ ಅದಕ್ಕಿಂತ ಒಂದು ಕೈ ಮೇಲಾದದ್ದು ಸಿದ್ದಾಪುರದಿಂದ ದೊಡ್ಮನೆ ಘಟ್ಟದ ಮೇಲೆ, ಸಂತೆಗುಳಿ, ಚಂದಾವರಗಳ ಮೂಲಕ ಕುಮಟೆಗೆ ಇಳಿಯುವ ರಸ್ತೆ. ಲಾರಿಗಳ ಕಾಟ ಕಡಿಮೆ. ಅಡಿಕೆ ತೋಟದ ತಂಪು, ಬೇಯಿಸಿದ ಅಡಿಕೆಯ ಒಗರು ವಾಸನೆ, ಎಲ್ಲೋ ಕೆಳಗೆ ನೀರಿನ ಸದ್ದು. ಅಘನಾಶಿನಿಯ ಕಣಿವೆಯ ನೆರೆಯಲ್ಲಿ ಹೋಗುವ ದಾರಿ ಅದು. ಅಣೆಕಟ್ಟಿಲ್ಲದೆ ಘಟ್ಟದಿಂದ ಕಡಲಿನವರೆಗೆ ಹರಿಯುವ ನದಿಗಳು ನಮ್ಮಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿದರೆ ಅಘನಾಶಿನಿಯ ಬೆಲೆ ತಿಳಿಯುತ್ತದೆ. ಉಂಚಳ್ಳಿಯಲ್ಲಿ ಧುಮುಕುವುದು ಇದೇ ನದಿ. ಸಿಂಗಳೀಕಗಳ ಸಂತತಿ ಉಳಿದಿರುವುದೂ, ಅಪ್ಪೆಮಿಡಿಯ ಮರಗಳು ಹೊಳೆಯಂಚಿನಲ್ಲಿ ನಿಂತಿರುವುದೂ ಇಲ್ಲಿಯೇ. ಕಾರಿನಲ್ಲಿ ಹೋದವನಿಗೆ ಇವೆಲ್ಲ ಒಂದು ಹಸಿರು ಗೋಡೆ. ಸೈಕಲ್ಲಿನವನು ಮಂಗಟ್ಟೆಯ ರೆಕ್ಕೆಯ ಸದ್ದನ್ನು ಕೇಳಿ ತಲೆ ಎತ್ತುವಷ್ಟು ನಿಧಾನವಾಗಿರುತ್ತಾನೆ.

ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಜೋಗಕ್ಕೆ ಹತ್ತುವ ದಾರಿ ಹೆಚ್ಚು ಪ್ರಸಿದ್ಧ. ಶರಾವತಿಯ ಕಣಿವೆ, ಮೇಲೆ ಹೋದಂತೆ ಕತ್ತಲೆಕಾನು. ಹೆಸರೇ ಹೇಳುವಂತೆ ಬಿಸಿಲು ನೆಲ ಮುಟ್ಟದ ಕಾಡು. ಬಹಳ ಹಳೆಯ ಸಸ್ಯಕುಲಗಳು ಉಳಿದಿರುವ ರಾಮಪತ್ರೆ ಜಡ್ಡಿಗಳು ಅಲ್ಲಿವೆ. ಆದರೆ ಬಸ್ಸು, ಲಾರಿಗಳ ಭರಾಟೆಯಿಂದಾಗಿ ಬೆಳಗು ಹರಿಯುವ ಮುಂಚೆ ಹೊರಟು ಬಿಸಿಲೇರುವುದರೊಳಗೆ ಘಟ್ಟ ಮುಗಿಸುವವರಿಗೆ ಮಾತ್ರ ಅದು ಒಳ್ಳೆಯದು. ಅಂಕೋಲೆಯಿಂದ ಅರಬೈಲು ಘಟ್ಟದ ಮೇಲೆ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಹೆಸರನ್ನು ನಾನು ಯಾವ ಸೈಕಲ್ ಸವಾರನಿಗೂ ಹೇಳುವುದಿಲ್ಲ.

ಕರಾವಳಿಯಲ್ಲಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಕು. ಕುಮಟೆಯಿಂದ ಅಘನಾಶಿನಿ ಊರಿಗೆ ಹೋಗಿ, ಸೈಕಲ್ಲನ್ನು ದೋಣಿಗೇರಿಸಿ ತದಡಿಗೆ ದಾಟಿ, ಅಲ್ಲಿಂದ ಗೋಕರ್ಣಕ್ಕೆ ಸಾಗುವ ದಾರಿಯನ್ನು ನಾನು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತ ಬಂದಿದ್ದೇನೆ. ಇಕ್ಕೆಲಗಳಲ್ಲಿ ಗಜನಿ ಭೂಮಿ. ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ನೆಲ. ಹೊಳೆಯಲ್ಲಿ ಬಳಚು ಹೆಕ್ಕುವ ಹೆಂಗಸರು. ಮುಂದೆ ಸಾಣಿಕಟ್ಟೆಯ ಉಪ್ಪಿನಾಗರ. ಈ ಅಳಿವೆಯನ್ನು 2024ರ ಆರಂಭದಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಗೆ ಸೇರಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ನಮ್ಮವರೇ ಎಷ್ಟೋ ಮಂದಿ ಆ ದೋಣಿಯನ್ನು ಇದುವರೆಗೆ ಹತ್ತಿಲ್ಲ.

ಇನ್ನು ಅಗಲೀಕರಣದ ಮಾತಿಗೆ ಬರುತ್ತೇನೆ. ಕರಾವಳಿಯ ಹಳೆಯ 17ನೆಯ ಹೆದ್ದಾರಿ 66 ಎಂಬ ಹೊಸ ಸಂಖ್ಯೆ ಪಡೆದು ಚತುಷ್ಪಥವಾಯಿತು. ಶಿರಸಿ–ಕುಮಟಾ ರಸ್ತೆ ರಾಷ್ಟ್ರೀಯ ಹೆದ್ದಾರಿ 766ಇ ಎನಿಸಿಕೊಂಡು ಅಗಲೀಕರಣಕ್ಕೆ ಒಳಗಾಯಿತು. ಅದಕ್ಕಾಗಿ ಘಟ್ಟದಲ್ಲಿ ಸಂಚಾರವನ್ನೇ ನಿಲ್ಲಿಸಿದ ದಿನಗಳೂ ಉಂಟು. ಇದನ್ನು ವಿರೋಧಿಸುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ನಿಲ್ಲುವ ಹಕ್ಕು ಈ ಜಿಲ್ಲೆಯವರಿಗೆ ಇಲ್ಲವೆಂದೇ ನನ್ನ ಭಾವನೆ. ತಲೆಗೆ ಪೆಟ್ಟು ಬಿದ್ದರೆ, ಹೃದಯ ಕೈಕೊಟ್ಟರೆ ನಾವು ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುವವರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಬಳಿಯ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ, ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮನೆ ಮನೆಯಿಂದ ಎದ್ದಿತು. ಆಸ್ಪತ್ರೆ ದೂರವಿರುವಷ್ಟು ಕಾಲ ಒಳ್ಳೆಯ ರಸ್ತೆ ನಮಗೆ ಪ್ರಾಣದ ಪ್ರಶ್ನೆ. ಕಾಡಿನ ಸೊಬಗನ್ನು ಮುಂದೊಡ್ಡಿ, ರಸ್ತೆ ಹಾಗೇ ಇರಲಿ ಎನ್ನುವ ದೂರದ ಪ್ರಕೃತಿಪ್ರಿಯರು ಒಮ್ಮೆ ಮಳೆಗಾಲದ ರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಜೀಪಿನಲ್ಲಿ ಘಟ್ಟ ಇಳಿಸಿ ನೋಡಲಿ.

ಹಾಗಾದರೆ ತಕರಾರೇನು? ರಸ್ತೆ ಯಾರಿಗಾಗಿ ಎಂಬುದನ್ನು ಕೇಳದೆಯೇ ಅಗಲ ಮಾಡುವ ರೀತಿಯ ಬಗ್ಗೆ ನನ್ನ ತಕರಾರು. ಗುಡ್ಡವನ್ನು ನೇರಕ್ಕೆ ಕಡಿದು ನಿಲ್ಲಿಸಿದರೆ ಏನಾದೀತೆಂಬುದನ್ನು 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಕಂಡೆವು (ಬೈಂದೂರಿನ ಶಿರೂರು ಬೇರೆ, ಇದು ಬೇರೆ, ಹೊರಗಿನವರು ಗೊಂದಲ ಮಾಡಿಕೊಳ್ಳುತ್ತಾರೆ). ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ನದಿಯಲ್ಲಿ ಮುಳುಗಿದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಎತ್ತಿನ ಕಾಲದ ಎಂಜಿನಿಯರು ಗುಡ್ಡದ ಮಾತು ಕೇಳಿ ರಸ್ತೆ ಬಳಸಿದ. ಅವನಿಗೆ ಸಿಡಿಮದ್ದು, ದೊಡ್ಡ ಯಂತ್ರಗಳ ಅನುಕೂಲ ಕಡಿಮೆಯಿತ್ತು ಎಂಬ ಕಾರಣವೂ ಇದ್ದೀತು. ಕಾರಣ ಏನೇ ಇರಲಿ, ಫಲ ನಮಗೆ ಸಿಕ್ಕಿತು.

ಇನ್ನೊಂದು ತಕರಾರು ಸಣ್ಣದೆಂದು ತೋರಬಹುದು, ಆದರೆ ದಿನನಿತ್ಯದ್ದು. ಡಾಂಬರಿನ ಮೇಲೆ ಡಾಂಬರು ಏರುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ನಡುವೆ ಒಂದು ಗೇಣು ಎತ್ತರದ ಮೆಟ್ಟಿಲು. ಎದುರಿನಿಂದ ಎರಡು ವಾಹನಗಳು ಒಂದನ್ನೊಂದು ಹಿಂದಿಕ್ಕುತ್ತ ಬಂದಾಗ ಸೈಕಲ್ಲಿನವನು ಆ ಮೆಟ್ಟಿಲಿನಿಂದ ಇಳಿಯಬೇಕು. ಇಳಿದರೆ ಮಳೆಗಾಲದಲ್ಲಿ ಕೆಮ್ಮಣ್ಣಿನ ಕೆಸರು, ಬೇಸಗೆಯಲ್ಲಿ ಜಲ್ಲಿ. ಹಿಂದೆ ಅಂಕುಡೊಂಕಿನ ರಸ್ತೆಯಲ್ಲಿ ವಾಹನಗಳೇ ನಿಧಾನವಾಗಿ ಬರುತ್ತಿದ್ದವು. ಈಗ ರಸ್ತೆ ನುಣ್ಣಗಾಗಿ, ನೆಟ್ಟಗಾಗಿ ವೇಗ ಇಮ್ಮಡಿಯಾಗಿದೆ. ಸೈಕಲ್ಲಿನ ಜಾಗ ಮಾತ್ರ ಹಿಂದಿನಷ್ಟೂ ಉಳಿದಿಲ್ಲ. ಚತುಷ್ಪಥದಲ್ಲಿ ಇನ್ನೊಂದು ವಿಚಿತ್ರ: ನಡುವಿನ ಕಟ್ಟೆಯಿಂದಾಗಿ ಎದುರು ಕಾಣುವ ಶಾಲೆಯನ್ನು ತಲುಪಲು ಮಗು ಒಂದು ಕಿಲೋಮೀಟರು ಮುಂದೆ ಹೋಗಿ ತಿರುಗಿ ಬರಬೇಕು. ಮಗು ಹಾಗೆ ಮಾಡುವುದಿಲ್ಲ. ತಪ್ಪು ದಿಕ್ಕಿನಲ್ಲಿ ಅಂಚು ಹಿಡಿದು ಬರುತ್ತದೆ. ಆಮೇಲೆ ನಾವು ಅದಕ್ಕೆ ಸಂಚಾರ ನಿಯಮದ ಪಾಠ ಹೇಳುತ್ತೇವೆ.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ ನಾನು ಘಟ್ಟದ ಮೇಲಿನ ಒಂದು ಶಾಲೆಯಲ್ಲಿದ್ದೆ. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಆಗ ಸಾಕಷ್ಟು ಗೊಣಗಾಟವಿತ್ತು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳ ನಟ್ಟು ಬಿಗಿಮಾಡಿ, ಚೈನಿಗೆ ಎಣ್ಣೆ ಬಿಟ್ಟು ಕೊಡುವುದು ನನ್ನ ಪಾಲಿಗೆ ಬಂದ ಹೆಚ್ಚುವರಿ ಕೆಲಸ. ಆದರೆ ಆ ಸೈಕಲ್ಲುಗಳು ಮಾಡಿದ ಉಪಕಾರವನ್ನು ಕಣ್ಣಾರೆ ಕಂಡವನು ಅವುಗಳನ್ನು ಹಳಿಯಲಾರ. ಒಬ್ಬಳು ಹುಡುಗಿ, ಕೂಲಿಕಾರರ ಮನೆಯವಳು, ಏಳು ಕಿಲೋಮೀಟರು ದೂರದ ಕೊಪ್ಪದಿಂದ ಬರುತ್ತಿದ್ದಳು. ಬೆಳಿಗ್ಗೆ ಇಳಿಜಾರು, ಸಂಜೆ ಏರು. ಏಳನೆಯ ತರಗತಿಗೇ ಅವಳನ್ನು ಬಿಡಿಸುವ ಆಲೋಚನೆಯಲ್ಲಿದ್ದರು ಮನೆಯವರು. ನಡೆದು ಬಂದರೆ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಕಾಡಿನ ದಾರಿ, ಎಂಬುದು ಅವರ ಅಳಲು. ಸೈಕಲ್ ಬಂದ ಮೇಲೆ ಅವಳು ಬೆಳಕಿರುವಾಗಲೇ ಮನೆ ಸೇರಿದಳು. ಮಳೆಗಾಲದಲ್ಲಿ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು ತೊಯ್ದು ತೊಪ್ಪೆಯಾಗಿ ಬರುತ್ತಿದ್ದಳು. ಅವಳೀಗ ನರ್ಸು, ಅದೇ ಮಣಿಪಾಲದ ದಾರಿ ಹಿಡಿದು ಹೋದವಳು.

ಕೊರೊನಾ ಬಂದು ಶಾಲೆಗಳು ಮುಚ್ಚಿದ ಕಾಲಕ್ಕೆ ಆ ಯೋಜನೆಯೂ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆಯಲ್ಲ ಎನ್ನುವಿರಿ. ಒಳ್ಳೆಯದೇ ಆಯಿತು. ಆದರೆ ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ, ಬಸ್ಸೇ ಬಾರದ ಕೊಪ್ಪದಲ್ಲಿ, ಉಚಿತ ಟಿಕೇಟಿನ ಉಪಯೋಗ ಎಷ್ಟು? ಬಸ್ಸಿನ ಹಾದಿಗೆ ಬರುವವರೆಗಿನ ನಾಲ್ಕೈದು ಕಿಲೋಮೀಟರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅದು ಸೈಕಲ್ಲಿನ ದೂರ. ಅನುಕೂಲಸ್ಥರ ಮನೆಯಲ್ಲಿ ಹದಿನೈದರ ಹುಡುಗನಿಗೆ ಅಪ್ಪನೇ ಸ್ಕೂಟರಿನ ಕೀಲಿಕೈ ಕೊಡುತ್ತಾನೆ. ಲೈಸೆನ್ಸಿಲ್ಲದೆ ಅದನ್ನು ಓಡಿಸುವುದು ಈಗ ಅಪರಾಧವೆಂಬ ಭಾವನೆಯೂ ಉಳಿದಿಲ್ಲ. ನಮ್ಮ ಬಾಲ್ಯದಲ್ಲಿ ಸೈಕಲ್ಲಿಗೆ ದೀಪವಿಲ್ಲದಿದ್ದರೆ, ಇಬ್ಬರು ಕುಳಿತಿದ್ದರೆ ಪೊಲೀಸಿನವನು ಗಾಳಿ ಬಿಡುತ್ತಿದ್ದ.

ಪ್ರವಾಸೋದ್ಯಮದ ಹೆಸರಿನಲ್ಲಿ ಪ್ರತ್ಯೇಕ ಸೈಕಲ್ ಪಥ ಮಾಡಬೇಕೆಂದು ಕೆಲವು ಗೆಳೆಯರು ಹೇಳುತ್ತಾರೆ. ಸಮುದ್ರದಂಡೆಯಲ್ಲಿ ಎರಡು ಕಿಲೋಮೀಟರು ಬಣ್ಣದ ಹಾದಿ, ಹೆಬ್ಬಾಗಿಲು, ಉದ್ಘಾಟನೆಯ ಫಲಕ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮರುವರ್ಷ ಅದರ ಮೇಲೆ ಮೀನು ಒಣಗಿಸುತ್ತಾರೆ. ಮೀನು ಒಣಗಿಸುವವರಿಗಾದರೂ ಉಪಯೋಗವಾಯಿತಲ್ಲ ಎಂದುಕೊಳ್ಳಬೇಕು. ನಮಗೆ ಬೇಕಾದದ್ದು ಇರುವ ರಸ್ತೆಯ ಅಂಚಿನಲ್ಲಿ, ಬಿಳಿಗೆರೆಯ ಆಚೆ, ರಸ್ತೆಯ ಮಟ್ಟಕ್ಕೇ ಡಾಂಬರು ಹಾಕಿದ ನಾಲ್ಕೈದು ಅಡಿ. ಸೈಕಲ್ ಪಥಗಳ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಇದೆ. ಎಂಜಿನಿಯರುಗಳಿಗೆ ನಾನು ಹೊಸದೇನನ್ನೂ ಹೇಳಬೇಕಾಗಿಲ್ಲ. ಶಾಲೆಗೆ ಹೋಗುವ ಮಗುವಿಗೆ, ಹಾಲಿನ ಡಬ್ಬಿ ಕಟ್ಟಿಕೊಂಡವನಿಗೆ, ಪೇಪರು ಹಾಕುವ ಹುಡುಗನಿಗೆ ಸಾಕಾಗುವ ಅಂಚು ಬೆಂಗಳೂರಿನ ಸವಾರನಿಗೂ ಸಾಕು. ಪ್ರವಾಸಿಗಾಗಿ ಮಾಡಿದ್ದು ಊರಿನವನಿಗೆ ಒದಗುವುದು ಅಪರೂಪ.

ಬರುವ ಸವಾರರಿಗೂ ಒಂದೆರಡು ಮಾತು ಹೇಳಬೇಕಾಗಿದೆ, ಮಾಸ್ತರಿಕೆಯ ಚಾಳಿ ಎಂದುಕೊಂಡರೂ ಸರಿಯೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬನ್ನಿ. ಜೂನ್–ಜುಲೈಯ ಮಳೆಯನ್ನು ಚಿತ್ರಗಳಲ್ಲಿ ನೋಡಿ ಮರುಳಾಗಿ ಘಟ್ಟಕ್ಕೆ ಸೈಕಲ್ ತರಬೇಡಿ. ಪಾಚಿಗಟ್ಟಿದ ತಿರುವಿನಲ್ಲಿ ತೆಳುಗಾಲಿ ನಿಲ್ಲದು. ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ಸವಾರಿ ಬೇಡ, ಆ ಹೊತ್ತು ರಸ್ತೆ ಕಾಡುಪ್ರಾಣಿಗಳದ್ದು. ಬಗಲಲ್ಲಿ ಹಾಡಿನ ಪೆಟ್ಟಿಗೆ ಕಟ್ಟಿಕೊಂಡು ಬರುವವರು ಕತ್ತಲೆಕಾನಿನವರೆಗೆ ಬರುವುದಾದರೂ ಯಾಕೆ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಶಕ್ತಿವರ್ಧಕ ತಿನಿಸಿನ ಪೊಟ್ಟಣಗಳನ್ನು ಬೆಂಗಳೂರಿನಿಂದಲೇ ತಂದು ಸಿಪ್ಪೆಯನ್ನು ದೇವಿಮನೆಯಲ್ಲಿ ಎಸೆಯುವ ಬದಲು, ದಾರಿಬದಿಯ ಅಂಗಡಿಯಲ್ಲಿ ಅವಲಕ್ಕಿ, ಬಾಳೆಹಣ್ಣು ತಿಂದರೆ ಹೊಟ್ಟೆಯೂ ತುಂಬುತ್ತದೆ, ಅಂಗಡಿಯವನಿಗೂ ನಾಲ್ಕು ಕಾಸು ಆಗುತ್ತದೆ. ಸೈಕಲ್ ರಿಪೇರಿಯ ಅಂಗಡಿಗಳು ಒಂದೊಂದಾಗಿ ಮುಚ್ಚಿವೆ. ಉಳಿದವರಿಗೆ ನಿಮ್ಮ ಸೈಕಲ್ಲಿನ ಗೇರು ತಿಳಿಯದು. ಪಂಕ್ಚರು ಮಾತ್ರ ತಿಳಿಯುತ್ತದೆ. ಒಂದು ತೇಪೆಯನ್ನಾದರೂ ಅವರ ಕೈಯಿಂದ ಹಾಕಿಸಿಕೊಳ್ಳಿ.

ಕಳೆದ ವರ್ಷ ನಾವು ಕೆಲವು ನಿವೃತ್ತರು ಸೇರಿ ಗ್ರಾಮಸಭೆಯಲ್ಲಿ ಒಂದು ಮನವಿ ಕೊಟ್ಟೆವು. ಶಾಲೆಯಿರುವ ಕಡೆ ರಸ್ತೆಯ ಎರಡೂ ಬದಿ ಅರ್ಧ ಕಿಲೋಮೀಟರು ಅಂಚಿಗೆ ಡಾಂಬರು ಹಾಕಬೇಕು, ಚರಂಡಿಯ ಜಾಲರಿಯ ಕಂಬಿಗಳು ಗಾಲಿ ಸಿಕ್ಕಿಕೊಳ್ಳದಂತೆ ಅಡ್ಡಲಾಗಿರಬೇಕು, ಎಂಟನೆಯ ತರಗತಿಯ ಸೈಕಲ್ ಯೋಜನೆ ಮರಳಿ ಬರಬೇಕು ಎಂದು ಪಂಚಾಯತಿ ಠರಾವು ಮಾಡಿ ಮೇಲಕ್ಕೆ ಕಳುಹಿಸಲಿ ಎಂಬುದು ಅದರ ಒಕ್ಕಣೆ. ಠರಾವು ಆಯಿತು. ಸಂಬಂಧಪಟ್ಟ ಕಚೇರಿಯಿಂದ ಬಂದ ಉತ್ತರದಲ್ಲಿ, ಸದರಿ ರಸ್ತೆಯಲ್ಲಿ ಸೈಕಲ್ ಸಂಚಾರ ವಿರಳವಾಗಿರುವುದರಿಂದ ಪ್ರಸ್ತಾವನೆಯ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ವಿರಳವಾದದ್ದು ಯಾಕೆಂದು ವಿವರಿಸಿ ಎರಡು ಪುಟದ ಮರುಪತ್ರ ಬರೆದಿದ್ದೇನೆ. ಜೊತೆಗೆ, ನಮ್ಮ ಊರಿನ ಶಾಲೆಗೆ ಯಾವ ಯಾವ ಕೊಪ್ಪದಿಂದ ಎಷ್ಟು ಮಕ್ಕಳು ಎಷ್ಟು ದೂರ ನಡೆದು ಬರುತ್ತಾರೆಂಬ ಪಟ್ಟಿಯನ್ನು ಅಲ್ಲಿನ ಈಗಿನ ಶಿಕ್ಷಕರು ಸಿದ್ಧಪಡಿಸುತ್ತಿದ್ದಾರೆ. ಪಟ್ಟಿ ಮುಗಿದ ಕೂಡಲೇ ಎರಡನ್ನೂ ಒಟ್ಟಿಗೆ ಕಳುಹಿಸುವುದೆಂದು ಮಾತಾಗಿದೆ.